ಅವಧಾನದ ಸಂತೆ

ಸಂಸ್ಕೃತದಲ್ಲಿ ‘ಧಾ’ ಎಂಬ ಧಾತುವಿಗೆ ಇಡುವುದು ಎಂದರ್ಥ. ಅದಕ್ಕೆ ‘ಅವ’ ಎಂಬ ಉಪಸರ್ಗವು ಸೇರಿ ‘ಅವಧಾನ’ ಎಂಬ ಪದವಾಯಿತು. ಅಲೆದಾಡುವ ಮನಸ್ಸನ್ನು ಒಂದೆಡೆ ಇರಿಸುವುದೆಂದು ಅದರ ತಾತ್ಪರ್ಯ. ಈ ಅವಧಾನವು ಈಗ ಅಳೆದು ಮಾರುವ ಸರಕಾಗಿದೆ ಎಂಬುದನ್ನು ಕಳೆದ ತಿಂಗಳು ಬೆಂಗಳೂರಿನಲ್ಲಿ ನಾವು ಕಣ್ಣಾರೆ ಕಂಡೆವು. ಸಾಮಾಜಿಕ ಜಾಲತಾಣಗಳ ವ್ಯವಹಾರದಲ್ಲಿ ತೊಡಗಿದವರು ಎರಡು ದಿನಗಳ ಸಮ್ಮೇಳನವೊಂದನ್ನು ನಡೆಸಿದರು. ಅದರಲ್ಲಿ ದೇಶಭಾಷೆಗಳನ್ನು ಕುರಿತ ಗೋಷ್ಠಿಯೊಂದಿದ್ದುದರಿಂದ ನಮಗೂ ಕರೆ ಬಂದಿತ್ತು.

ಸಭೆಯಲ್ಲಿ ಯುವಕ ಯುವತಿಯರೇ ಹೆಚ್ಚು. ಅವರ ಉತ್ಸಾಹವೂ ಕಾರ್ಯಕೌಶಲವೂ ಮೆಚ್ಚತಕ್ಕವು. ಆದರೆ ಅವರ ಪರಿಭಾಷೆಯು ನಮ್ಮನ್ನು ಯೋಚನೆಗೆ ಹಚ್ಚಿತು. ಓದುಗನೆಂದಾಗಲಿ ಪ್ರೇಕ್ಷಕನೆಂದಾಗಲಿ ಅಲ್ಲಿ ಯಾರೂ ಹೇಳಲಿಲ್ಲ. ಎಲ್ಲರ ಬಾಯಲ್ಲಿಯೂ ‘ಬಳಕೆದಾರ’ನೇ. ಅವನನ್ನು ಮೊದಲ ಮೂರು ಸೆಕೆಂಡುಗಳಲ್ಲಿ ‘ಹಿಡಿಯಬೇಕು’, ಬಳಿಕ ‘ಬಿಡದಂತೆ ಉಳಿಸಿಕೊಳ್ಳಬೇಕು’, ಹೋದವನನ್ನು ‘ಮರಳಿ ಸೆಳೆಯಬೇಕು’. ಈ ಕ್ರಿಯಾಪದಗಳನ್ನು ನಾವು ಬೆಸ್ತರ ಬಾಯಲ್ಲಿ ಕೇಳಿದ್ದೆವು. ಜ್ಞಾನಪ್ರಸಾರದ ಸಭೆಯಲ್ಲಿ ಕೇಳಿದ್ದು ಇದೇ ಮೊದಲು.

ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯುಂಟು. ಫೇಸ್‌ಬುಕ್ಕಿಗಾಗಲಿ ಇನ್‌ಸ್ಟಾಗ್ರಾಮಿಗಾಗಲಿ ನಾವು ಕಾಸು ಕೊಡುವುದಿಲ್ಲವಷ್ಟೆ. ಆದರೂ ಇವೆರಡನ್ನೂ ವಾಟ್ಸಾಪನ್ನೂ ನಡೆಸುವ ಮೆಟಾ ಸಂಸ್ಥೆಗೆ ೨೦೨೪ನೆಯ ಇಸವಿಯಲ್ಲಿ ಸುಮಾರು ೧೬,೪೫೦ ಕೋಟಿ ಡಾಲರು ಆದಾಯ ಬಂದಿತು. ಅದರಲ್ಲಿ ನೂರಕ್ಕೆ ೯೭ ಪಾಲಿಗಿಂತಲೂ ಹೆಚ್ಚು ಜಾಹೀರಾತುಗಳಿಂದ ಬಂದದ್ದು. ಜಾಹೀರಾತುಗಾರನು ಕೊಳ್ಳುವುದಾದರೂ ಏನನ್ನು? ನಮ್ಮ ನಿಮ್ಮ ಕಣ್ಣು ತೆರೆಯ ಮೇಲೆ ನಿಂತ ಹೊತ್ತನ್ನು. ಮಾಹಿತಿಯು ಸಮೃದ್ಧವಾದಂತೆಲ್ಲ ಅವಧಾನಕ್ಕೆ ಬಡತನ ಬರುವುದೆಂದು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸನು ೧೯೭೧ರಷ್ಟು ಹಿಂದೆಯೇ ತಿಳಿಸಿದ್ದನು. ವಿರಳವಾದ ವಸ್ತುವಿಗೆ ಬೆಲೆ ಏರುವುದು ಸಂತೆಯ ನಿಯಮವೇ ಸರಿ.

ಈ ವ್ಯಾಪಾರದ ರೀತಿಯು ಹೇಗೆ ಮಾರ್ಪಟ್ಟಿದೆ ಎಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಮೊದಲು ನಂಟರಿಷ್ಟರು ಬರೆದದ್ದು ಬರೆದ ಕ್ರಮದಲ್ಲಿಯೇ ಕಾಣಿಸುತ್ತಿತ್ತು. ಇನ್‌ಸ್ಟಾಗ್ರಾಮ್ ೨೦೧೬ರಲ್ಲಿ ಕಾಲಕ್ರಮವನ್ನು ಕೈಬಿಟ್ಟಿತು. ಯಾವುದನ್ನು ತೋರಿಸಿದರೆ ನೋಡುವವನು ನಿಲ್ಲುವನೆಂದು ಯಂತ್ರವೇ ಎಣಿಸಿ ಮುಂದಿಡತೊಡಗಿತು. ೨೦೨೦ರ ಜೂನ್ ತಿಂಗಳ ಕೊನೆಯಲ್ಲಿ ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ ೫೯ ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಬಯಲಾದ ಅಂಗಡಿಯ ಜಾಗಕ್ಕೆ ಜುಲೈಯಲ್ಲಿಯೇ ಇನ್‌ಸ್ಟಾಗ್ರಾಮಿನ ರೀಲ್ಸ್ ಬಂದಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂದಿತು. ಅಲ್ಲಿಂದೀಚೆಗೆ ಬಂಧುಗಳ ಸಮಾಚಾರವು ಹಿಂದೆ ಸರಿದು, ಕಂಡರಿಯದವರ ಅರೆನಿಮಿಷದ ಚಿತ್ರಗಳು ಮುಂದಕ್ಕೆ ಬಂದಿವೆ. ಹೆಸರಿನಲ್ಲಿ ‘ಸಾಮಾಜಿಕ’ವೆಂಬುದು ಉಳಿದಿದೆ, ಸಮಾಜವು ತೆಳುವಾಗಿದೆ.

ಇನ್ನೊಂದು ಯುಕ್ತಿಯನ್ನೂ ಹೇಳಬೇಕು. ನಮ್ಮ ಪೂರ್ವಿಕರು ಗ್ರಂಥಕ್ಕೆ ಆದಿಮಂಗಳ, ಮಧ್ಯಮಂಗಳ, ಅಂತ್ಯಮಂಗಳಗಳನ್ನು ವಿಧಿಸಿದರು. ಪುರಾಣ ಕೇಳಲು ಬಂದವನಿಗೆ ಮಂಗಳಾರತಿಯಾಯಿತೆಂದರೆ ಮನೆಗೆ ಹೋಗುವ ಹೊತ್ತಾಯಿತೆಂದು ತಿಳಿಯುತ್ತಿತ್ತು. ತಾಳೆಗರಿಗೂ ಅಂಚುಂಟು, ಪತ್ರಿಕೆಗೂ ಕೊನೆಯ ಪುಟವುಂಟು. ೨೦೦೬ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಗಾರನು, ಬೆರಳಾಡಿಸಿದಷ್ಟೂ ಮುಗಿಯದೆ ಹರಿದುಬರುವ ಪುಟವನ್ನು ಕಲ್ಪಿಸಿದನು. ಆ ಬಗೆಯ ಪುಟವೇ ಇಂದು ಎಲ್ಲೆಲ್ಲಿಯೂ ಹಬ್ಬಿದೆ. ಅದರ ಪರಿಣಾಮಕ್ಕಾಗಿ ಅವನೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟನು. ಅಂತ್ಯಮಂಗಳವಿಲ್ಲದ ಪುರಾಣದಲ್ಲಿ ಕುಳಿತವನು ಏಳುವುದೆಂದಿಗೆ?

ಅಷ್ಟಾವಧಾನದ ಸಭೆಯನ್ನು ನೋಡಿದ ವಾಚಕರಿಗೆ ಈ ಮಾತು ಇನ್ನೂ ಸ್ಪಷ್ಟವಾದೀತು. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುವರು. ಒಬ್ಬನು ಸಮಸ್ಯೆಯನ್ನೊಡ್ಡುವನು, ಒಬ್ಬನು ದತ್ತಪದಿಯನ್ನು ಕೊಡುವನು, ಮತ್ತೊಬ್ಬನು ಅಕ್ಷರ ಅಕ್ಷರಕ್ಕೂ ನಿಷೇಧ ಹೇಳುವನು. ಇವರ ನಡುವೆ ಅಪ್ರಸ್ತುತಪ್ರಸಂಗಿ ಎಂಬುವನೊಬ್ಬನಿರುವನು. ಅವಧಾನಿಯು ಪದ್ಯಪಾದವನ್ನು ಮನಸ್ಸಿನಲ್ಲಿ ಹೊಂದಿಸುತ್ತಿರುವಾಗಲೇ ‘ಈ ಹೊತ್ತಿನ ಮಜ್ಜಿಗೆಹುಳಿಗೆ ಉಪ್ಪು ಮುಂದಾಗಿತ್ತೇ?’ ಎಂಬಂಥ ಪ್ರಶ್ನೆಯನ್ನೆಸೆದು ಧಾರಣೆಯನ್ನು ಕೆಡಿಸುವುದೇ ಅವನ ಕೆಲಸ. ಎಂಟರಲ್ಲಿ ಅವನೊಬ್ಬನೇ ಆದಕಾರಣ ಸಭೆಗೆ ವಿನೋದ. ಈಗಿನ ಸಭೆಯಲ್ಲಿ ಎಂಟು ಮಂದಿಯೂ ಅಪ್ರಸ್ತುತಪ್ರಸಂಗಿಗಳೇ. ಅವರ ಕೈಗೆ ಗಣಿತಶಾಸ್ತ್ರವನ್ನೂ ಕೊಟ್ಟಿದೆ. ಎದುರಿಗೆ ಕುಳಿತವನಾದರೋ ಅವಧಾನಿಯಲ್ಲ. ಎಂಟನೆಯ ತರಗತಿಯ ಹುಡುಗ.

ಹಾಗೆಂದು ಇದೆಲ್ಲವೂ ಅನರ್ಥವೆಂದು ಹೇಳುವುದು ನ್ಯಾಯವಲ್ಲ. ಸಮ್ಮೇಳನದಲ್ಲಿ ಚಟ್ನಿಪುಡಿ ಮಾರಿ ಸಂಸಾರ ನಡೆಸುವ ಗೃಹಿಣಿಯೊಬ್ಬಳು ಮಾತಾಡಿದಳು. ಅಂಗಡಿಯಿಲ್ಲದೆ, ದಲ್ಲಾಳಿಯಿಲ್ಲದೆ ಅವಳ ಸರಕು ಹೊರರಾಜ್ಯಗಳಿಗೂ ಹೋಗುತ್ತಿದೆ. ಮಕ್ಕಳ ಶಾಲೆಯ ಶುಲ್ಕವನ್ನು ಅದರಿಂದಲೇ ಕಟ್ಟುವಳಂತೆ. ಆದರೆ ಅವಳ ಕೊನೆಯ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು: ‘ಒಂದು ತಿಂಗಳು ಸಾವಿರಾರು ಜನಕ್ಕೆ ತೋರಿಸುತ್ತಾರೆ, ಮರುತಿಂಗಳು ಯಾರಿಗೂ ತೋರಿಸುವುದಿಲ್ಲ, ಯಾಕೆಂದು ಕೇಳೋಣವೆಂದರೆ ಯಾರ ಮನೆಯ ಬಾಗಿಲು ತಟ್ಟಲಿ?’ ವೇದಿಕೆಯ ಮೇಲಿದ್ದವರಿಂದ ಇದಕ್ಕೆ ಉತ್ತರ ಬರಲಿಲ್ಲ. ಪರರ ಜಗಲಿಯ ಮೇಲೆ ಅಂಗಡಿ ಹೂಡಿದವರ ಪಾಡು ಇದು. ಜಗಲಿಯೇ ಮಾಯವಾಗುವುದೂ ಉಂಟು. ಕನ್ನಡವೇ ಮೊದಲಾದ ದೇಶಭಾಷೆಗಳಿಗಾಗಿ ಬೆಂಗಳೂರಿನಲ್ಲಿಯೇ ೨೦೨೦ರಲ್ಲಿ ಹುಟ್ಟಿದ ‘ಕೂ’ ಎಂಬ ತಾಣವು ೨೦೨೪ರ ಜುಲೈಯಲ್ಲಿ ಬಾಗಿಲು ಹಾಕಿತು; ಅಲ್ಲಿ ಬರೆದು ಬಳಗ ಕಟ್ಟಿಕೊಂಡವರು ಬೇರೆಡೆಗೆ ಗಂಟುಕಟ್ಟಬೇಕಾಯಿತು.

ಹೊತ್ತಿನ ನಷ್ಟವೊಂದೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ೨೦೧೮ರ ಜುಲೈಯಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯನ್ನು ನಂಬಿದ ಗುಂಪೊಂದು, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಹೊಡೆದು ಕೊಂದಿತು. ಆ ಗೆಳೆಯರು ಮಾಡಿದ್ದು ದಾರಿಯಲ್ಲಿ ಕಂಡ ಮಕ್ಕಳಿಗೆ ಮಿಠಾಯಿ ಹಂಚಿದ್ದು. ಸುದ್ದಿಯು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಅದೇ ತಿಂಗಳು ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಸಾಗಿಸದಂತೆ ಮಿತಿ ಹಾಕಿತು. ಸಾಗಿಸಿದವರಲ್ಲಿ ಬಹುಮಂದಿ ದುಷ್ಟರಾಗಿರಲಾರರು. ಮಕ್ಕಳಿಗಾಗಿ ಹೆದರಿದ ತಂದೆತಾಯಿಗಳೇ ಆಗಿರಬೇಕು. ವಿಚಾರಿಸಲು ಬೇಕಾದ ಒಂದು ಗಳಿಗೆಯ ಅವಧಾನವು ಅವರಲ್ಲಿ ಉಳಿದಿರಲಿಲ್ಲ, ಅಷ್ಟೆ.

ಮುಂದಿನ ದಿನಗಳ ಮಾತು ಇನ್ನೂ ಎಚ್ಚರವನ್ನು ಬೇಡುವುದು. ಮನುಷ್ಯನ ಮುಖವನ್ನೂ ಧ್ವನಿಯನ್ನೂ ಹೋಲುವ ಚಿತ್ರಗಳನ್ನು ಕೃತಕ ಬುದ್ಧಿಯ ಯಂತ್ರಗಳು ಕ್ಷಣಮಾತ್ರದಲ್ಲಿ ರಚಿಸುತ್ತವೆ. ಅವು ಕನ್ನಡವನ್ನೂ ಆಡುತ್ತವೆ. ಪ್ರತ್ಯಕ್ಷವನ್ನೇ ಪ್ರಮಾಣಗಳಲ್ಲಿ ಮೊದಲನೆಯದೆಂದು ತರ್ಕಶಾಸ್ತ್ರದಲ್ಲಿ ನಾವು ಓದಿದೆವು. ತೆರೆಯ ಮೇಲೆ ಕಂಡದ್ದು ಇನ್ನು ಪ್ರತ್ಯಕ್ಷವಲ್ಲ. ಅದೂ ಒಬ್ಬನು ಹೇಳಿದ ಮಾತೇ. ಹೇಳಿದವನು ಆಪ್ತನೋ ಅಲ್ಲವೋ ಎಂದು ವಿಚಾರಿಸಿಯೇ ನಂಬಬೇಕು. ಆಸ್ಟ್ರೇಲಿಯಾ ದೇಶವು ೧೬ ವರ್ಷ ತುಂಬದವರು ಇಂಥ ತಾಣಗಳಲ್ಲಿ ಖಾತೆ ಹೊಂದಬಾರದೆಂದು ೨೦೨೪ರಲ್ಲಿ ಕಾನೂನು ಮಾಡಿ, ೨೦೨೫ರ ಡಿಸೆಂಬರಿನಿಂದ ಜಾರಿಗೆ ತಂದಿತು. ಕಾನೂನು ಎಲ್ಲಿಯೇ ಬರಲಿ, ಮನೆಯೊಳಗಿನ ಕಟ್ಟಳೆಯನ್ನು ಮನೆಯವರೇ ಮಾಡಬೇಕು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಊಟದ ಹೊತ್ತಿನಲ್ಲಿಯೂ ಮಲಗುವ ಕೋಣೆಯಲ್ಲಿಯೂ ಮೊಬೈಲು ಬೇಡವೆಂಬ ನಿಯಮವನ್ನು ಹಿರಿಯರು ತಾವು ಮೊದಲು ಪಾಲಿಸಲಿ. ಮಕ್ಕಳಿಗೆ ಹೇಳುವುದು ಆಮೇಲೆ. ಕೂರುವ ಮುನ್ನವೇ ಏಳುವ ಹೊತ್ತನ್ನು ಗೊತ್ತುಮಾಡಿಕೊಳ್ಳಲಿ. ಪುಟವು ತಾನಾಗಿ ಮುಗಿಯುವುದಿಲ್ಲವಷ್ಟೆ. ಭಯವನ್ನೋ ಕೋಪವನ್ನೋ ಕೆರಳಿಸುವ ಸುದ್ದಿ ಬಂದರೆ ಅದನ್ನು ಒಂದು ರಾತ್ರಿ ತಮ್ಮಲ್ಲಿಯೇ ಇರಿಸಿಕೊಂಡು, ಬೆಳಗ್ಗೆ ತಿಳಿದವರನ್ನು ಕೇಳಲಿ. ದಿನಕ್ಕೊಮ್ಮೆಯಾದರೂ ಮಗುವಿನ ಕೈಯಲ್ಲಿ ಪುಸ್ತಕವನ್ನು ಕೊಟ್ಟು, ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಪಕ್ಕದಲ್ಲಿ ಕುಳಿತು ಕೇಳಲಿ. ಓದುವ ಮಗುವಿಗೆ ಅವಧಾನದ ಅಭ್ಯಾಸವಾಗುವುದು. ಕೇಳುವ ನಮಗೂ ಆಗುವುದು.