ಪೆನ್ಷನ್ ಆದ ಮೇಲೆ ಪೆನ್ನು ಹಿಡಿದರೆ ನಗುವುದೇಕೆ?

ಮಾರಿಕುಪ್ಪಂ ರೈಲಿನಲ್ಲೋ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲೋ ಒಬ್ಬ ಹಿರಿಯರು ಕೈಚೀಲದಿಂದ ಪುಸ್ತಕ ತೆಗೆದು, ‘ನಾನೇ ಬರೆದದ್ದು, ನಾನೇ ಅಚ್ಚು ಹಾಕಿಸಿದ್ದು’ ಅಂದರೆ ನಮ್ಮ ಜನ ಏನು ಮಾಡುತ್ತಾರೆ? ಎದುರಿಗೆ ‘ಭೇಷ್’ ಅನ್ನುತ್ತಾರೆ. ಅವರು ಅತ್ತ ಹೋದ ಮೇಲೆ, ‘ರಿಟೈರ್ ಆಯ್ತಲ್ಲ, ಹೊತ್ತು ಹೋಗಬೇಕಲ್ಲಪ್ಪ’ ಅಂತ ನಗುತ್ತಾರೆ.

ಬೇರೆ ಊರಿನವರು ನಗಲಿ. ಕೆ.ಜಿ.ಎಫ್.ನವರು ನಗುವ ಹಾಗಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳಿಂದ ಎಷ್ಟು ಅದಿರು ಎತ್ತಿದರು, ಎಷ್ಟು ಚಿನ್ನ ತೆಗೆದರು ಎನ್ನುವ ಲೆಕ್ಕವೆಲ್ಲ ಕಡತದಲ್ಲಿದೆ. ಆದರೆ ಕೇಜಿನಲ್ಲಿ ನಿಂತು ಭೂಮಿಯೊಳಕ್ಕೆ ಇಳಿಯುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು, ಕೆಳಗೆ ಬಂಡೆ ಸಿಡಿದ ಸುದ್ದಿ ಬಂದಾಗ ಲೈನ್ ಮನೆಗಳ ಹೆಂಗಸರು ಹೇಗೆ ಓಡಿ ಬರುತ್ತಿದ್ದರು ಎನ್ನುವುದು ಯಾವ ರಿಜಿಸ್ಟರಿನಲ್ಲಿದೆ ಸ್ವಾಮಿ? ಅದಿರುವುದು ಇಳಿದವರ ತಲೆಯೊಳಗೆ, ಕಾದವರ ಕಣ್ಣಲ್ಲಿ. ಗಣಿ ಮುಚ್ಚಿದಾಗ 40 ವರ್ಷದವರಾಗಿದ್ದವರು ಈಗ 65ರ ಆಸುಪಾಸಿನಲ್ಲಿದ್ದಾರೆ. ಹೊತ್ತು ಕಾಯುವುದಿಲ್ಲ.

ಈ ಕೆಲಸ ಆಗುವಂಥದ್ದೇ ಎನ್ನುವುದಕ್ಕೆ ಸಾಕ್ಷಿ ನಮ್ಮೂರಲ್ಲೇ ಇದೆ. ಬ್ರಿಜೆಟ್ ವೈಟ್-ಕುಮಾರ್ ಗಣಿ ಊರಿನ ಆಂಗ್ಲೋ-ಇಂಡಿಯನ್ ಮನೆಯಲ್ಲಿ ಬೆಳೆದವರು. ಬ್ಯಾಂಕ್ ನೌಕರಿ ಮಾಡಿದವರು, ಸಾಹಿತ್ಯದ ಗುಂಪಿನವರಲ್ಲ. ನಡುವಯಸ್ಸಿನಲ್ಲಿ ತಮ್ಮ ಮನೆಯ ಪೆಪ್ಪರ್ ವಾಟರ್, ಬಾಲ್ ಕರಿ, ಕ್ರಿಸ್‌ಮಸ್ ತಿಂಡಿಗಳನ್ನು ಬರೆದಿಡಲು ಕೂತರು. ಒಂದಾದ ಮೇಲೊಂದು ಅಡುಗೆ ಪುಸ್ತಕ ಬಂತು. 2010ರಲ್ಲಿ ಕೆ.ಜಿ.ಎಫ್. ನೆನಪುಗಳ ಇಂಗ್ಲಿಷ್ ಪುಸ್ತಕವೇ ಬಂತು, ಅದೂ ಬರೆದವರೇ ಖರ್ಚು ಹಾಕಿ ಅಚ್ಚು ಮಾಡಿಸುವ ಪದ್ಧತಿಯಲ್ಲಿ. ಊರು ಬಿಟ್ಟು ದೂರ ದೇಶ ಸೇರಿದವರಿಗೆ ಹಳೆಯ ಬಂಗಲೆ, ಕ್ಲಬ್ಬು, ಅಡುಗೆಮನೆಗಳ ನೆನಪು ಇವತ್ತು ಕೈಗೆ ಸಿಗುತ್ತದೆ. ಬಂಗಲೆಯ ಕಥೆ ಹೀಗೆ ಪುಸ್ತಕವಾಯಿತು. ಕೂಲಿ ಲೈನಿನ ಕಥೆ ಇನ್ನೂ ಎಷ್ಟೋ ಬಾಕಿಯಿದೆ.

ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸುವುದು ಕೀಳು ಅಂತ ಯಾರು ಹೇಳಿದ್ದು? ಹಾವೇರಿ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರು ಹುಟ್ಟಿದ್ದು ಹಾಗೆ. ನಮ್ಮ ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೇ ನೋಡಿ. 1943ರಲ್ಲಿ ಸರ್ಕಾರಿ ನೌಕರಿ ಬಿಟ್ಟ ಮೇಲೆ ‘ಜೀವನ’ ಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು, ಜೀವನ ಕಾರ್ಯಾಲಯದ ಹೆಸರಲ್ಲಿ ತಮ್ಮ ಪುಸ್ತಕ ತಾವೇ ಹೊರತಂದರು. ಅವರಿಗೆ ಬರವಣಿಗೆ ಹೊಸದಲ್ಲ, ನಿಜ. ಆದರೆ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, 65ರ ವಯಸ್ಸಿನಲ್ಲಿ. ಜ್ಞಾನಪೀಠ ಬಂದದ್ದು 1983ರಲ್ಲಿ. ಪೆನ್ಷನ್ ಬಂದರೆ ಬುದ್ಧಿಗೂ ಪೆನ್ಷನ್ ಎನ್ನುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಲಿ.

ಬರೆಯುವ ಹಿರಿಯರಿಗೂ ಎರಡು ಮಾತು. ಒಡವೆ ಅಡವಿಟ್ಟು 1000 ಪ್ರತಿ ಹಾಕಿಸಿ ಅಟ್ಟದ ಮೇಲೆ ಗೆದ್ದಲಿಗೆ ಇಡಬೇಡಿ. ಈಗ ಕಂಪ್ಯೂಟರ್ ಅಚ್ಚಿನಲ್ಲಿ 100 ಪ್ರತಿಯನ್ನೂ ಹಾಕಿಸಬಹುದು. ಖರ್ಚಾದರೆ ಇನ್ನೊಂದು 100. ಪುಸ್ತಕಕ್ಕೆ ಬೇಕಾದ ಐಎಸ್‌ಬಿಎನ್ ನಂಬರನ್ನು ಕೇಂದ್ರ ಸರ್ಕಾರ ಪುಕ್ಕಟೆ ಕೊಡುತ್ತದೆ. ಅದಕ್ಕೆ ಸಾವಿರಗಟ್ಟಲೆ ಕೇಳುವವನು ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅಚ್ಚಿಗೆ ಮುಂಚೆ ತಪ್ಪು ಒಪ್ಪು ನೋಡಲು ಓದು ಬಲ್ಲವರ ಕೈಗೆ ಕೊಡಿ. ಪುಸ್ತಕ ಬಂದ ಮೇಲೆ 1954ರ ಕಾನೂನಿನ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಿ. ನಾವೆಲ್ಲ ಹೋದ ಮೇಲೂ ಅಲ್ಲಿ ಅದು ಇರುತ್ತದೆ. ಭಾಷೆಯ ಚಿಂತೆ ಬೇಡ. ಗಣಿಗೆ ಇಳಿದವರಲ್ಲಿ ಬಹಳ ಮಂದಿಯ ಮನೆಮಾತು ತಮಿಳು, ತೆಲುಗು. ಬಾಯಿಗೆ ಬಂದ ಭಾಷೆಯಲ್ಲಿ ಬರೆಯಲಿ. ಕನ್ನಡಕ್ಕೆ ತರಲು ಕಾಲೇಜು ಹುಡುಗರಿದ್ದಾರೆ.

ಇನ್ನು ಸರ್ಕಾರದ ಕಡೆ ತಿರುಗೋಣ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ಒಳ್ಳೆಯದು, ಕೊಡಲಿ. ಆದರೆ 62ರಲ್ಲಿ ಬರೆದ ಮೊದಲ ಪುಸ್ತಕವೂ ಚೊಚ್ಚಲವೇ ತಾನೇ? ಹಡೆದವರ ವಯಸ್ಸು ನೋಡಿ ಮಗುವಿಗೆ ಹಾಲು ಹಾಕುವುದು ಯಾವ ನ್ಯಾಯ? ಹಿರಿಯರ ಮೊದಲ ಕೃತಿಗೂ ಒಂದು ಯೋಜನೆ ಬರಬೇಕು. ಈ ಭಾಗದ ಶಾಸಕರು ಇದನ್ನು ಕೇಳಬೇಕು.

ಅಂಗಡಿಯವರೇ, ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಆದ್ದರಿಂದ ಊರಿನ ಲೈಬ್ರರಿಯಲ್ಲಿ ಊರಿನವರು ಬರೆದ ಪುಸ್ತಕಕ್ಕೆ ಒಂದು ಬೀರು ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ. ನಿಮ್ಮ ಗಲ್ಲಾ ಪಕ್ಕದಲ್ಲೂ ಐದು ಪ್ರತಿ ಇಡಿ. ಬಸ್ಸು ಕಾಯುವ ಗಿರಾಕಿ ಒಂದನ್ನು ಎತ್ತಿ ನೋಡಿಯಾನು.

ಅದಿರು ಖಾಲಿಯಾಯಿತೆಂದು ಗಣಿ ಮುಚ್ಚಿದರು. ಈ ಹಿರಿಯರ ಹತ್ತಿರ ಇರುವ ಅದಿರು ಇನ್ನೂ ಖಾಲಿಯಾಗಿಲ್ಲ. ಬೇಗ ಎತ್ತಿಕೊಳ್ಳೋಣ.