ಬೆಳ್ಳುಳ್ಳಿಯ ಉಷ್ಣತೆ ಎಷ್ಟು?

‘ಏರ್ ಫ್ರೈಯರ್’ ಎಂಬ ವಿದ್ಯುದುಪಕರಣವು ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಅಡಿಗೆಮನೆಗಳನ್ನು ಹೊಕ್ಕಿದೆ. ೨೦೧೦ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಫಿಲಿಪ್ಸ್ ಸಂಸ್ಥೆಯು ಈ ಹೆಸರಿನಿಂದ ಅದನ್ನು ಜನರ ಮುಂದಿಟ್ಟಿತು. ಅನಂತರ ಬೇರೆ ಬೇರೆ ಕಂಪೆನಿಗಳೂ ಅದನ್ನು ತಯಾರಿಸತೊಡಗಿದುವು. ಅದರಲ್ಲಿ ಮಾಡುವ ಅಡಿಗೆಗಳಲ್ಲೆಲ್ಲ ಬೆಳ್ಳುಳ್ಳಿ ಸುಡುವುದು ಅತಿ ಸುಲಭವಾದುದು. ಇಡಿಯ ಗಡ್ಡೆಯ ತುದಿಯನ್ನು ಕೊಯ್ದು, ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಅಲ್ಯುಮಿನಿಯಮ್ ಹಾಳೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಗುಂಡಿಯನ್ನು ೨೦೦ ಡಿಗ್ರಿಗೆ ತಿರುಗಿಸಿದರೆ ತೀರಿತು. ಇಪ್ಪತ್ತೈದು ಮೂವತ್ತು ನಿಮಿಷಗಳಲ್ಲಿ ಎಸಳುಗಳು ಬೆಣ್ಣೆಯಂತೆ ಮೆತ್ತಗಾಗುವುವು; ಘಾಟು ಅಡಗಿ ಸಿಹಿ ತಲೆದೋರುವುದು.

ಆ ಸಮಯದಲ್ಲಿ ಎಸಳಿನ ನಡುಭಾಗದ ಉಷ್ಣತೆ ಎಷ್ಟಿದ್ದೀತು? ಈ ಪ್ರಶ್ನೆಯನ್ನು ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರೆ ಬಹುಮಂದಿ ತಡವಿಲ್ಲದೆ ‘ಇನ್ನೂರು ಡಿಗ್ರಿ’ ಎಂದುಬಿಡುತ್ತಾರೆ. ಯಂತ್ರದ ಮೇಲೆ ಹಾಗೆಂದು ಬರೆದಿದೆಯಲ್ಲ! ಆದರೆ ಆ ಅಂಕಿ ಪೆಟ್ಟಿಗೆಯೊಳಗಿನ ಗಾಳಿಗೆ ಸೇರಿದ್ದು. ಬೆಳ್ಳುಳ್ಳಿಗೂ ಅದಕ್ಕೂ ಬಹು ದೂರದ ನಂಟು. ಎಸಳಿನ ಒಡಲು ನೂರು ಡಿಗ್ರಿಯ ಗಡಿಯನ್ನು ದಾಟಿರುವುದಿಲ್ಲ. ಇದೇನೂ ಪಂಡಿತರ ಸೂಕ್ಷ್ಮವಲ್ಲ. ಒಂದು ಅಂಕಿಯನ್ನು ಕಂಡಾಗ ‘ಇದು ಯಾವ ವಸ್ತುವಿನ ಅಂಕಿ?’ ಎಂದು ಕೇಳದೆ ಹೋದರೆ ಕೆಲವು ವೇಳೆ ಪ್ರಾಣಕ್ಕೂ ಅಪಾಯವುಂಟು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ ‘ಫ್ರೈ’ ಎಂಬ ಒಂದೇ ಮಾತು ಎಷ್ಟೋ ಕೆಲಸಗಳನ್ನು ಒಟ್ಟಿಗೆ ಹೊತ್ತುಕೊಂಡಿದೆ. ನಮ್ಮ ಅಡಿಗೆಯವರ ಕನ್ನಡ ಇದಕ್ಕಿಂತ ಶಾಸ್ತ್ರೀಯವಾದುದು. ಕಾದ ಎಣ್ಣೆಯಲ್ಲಿ ಮುಳುಗಿಸುವುದು ಕರಿಯುವುದು, ಬಾಣಲೆಯಲ್ಲಿ ಕೈಯಾಡಿಸುವುದು ಹುರಿಯುವುದು, ಕೆಂಡಕ್ಕೊಡ್ಡುವುದು ಸುಡುವುದು, ನೀರಿನಲ್ಲೋ ಆವಿಯಲ್ಲೋ ಇಡುವುದು ಬೇಯಿಸುವುದು. ಉಷ್ಣವು ಯಾವ ಮಾಧ್ಯಮದ ಮೂಲಕ ಬಂತೆಂಬುದು ಕ್ರಿಯಾಪದದಲ್ಲಿಯೇ ಅಡಗಿದೆ. ಈ ದೃಷ್ಟಿಯಿಂದ ನೋಡಿದರೆ ಏರ್ ಫ್ರೈಯರ್ ಏನನ್ನೂ ಕರಿಯುವುದಿಲ್ಲ. ಮೇಲೊಂದು ಕಾಯುವ ತಂತಿಯ ಸುರುಳಿ, ಅದರ ಹಿಂದೊಂದು ಬೀಸಣಿಗೆ, ಕೆಳಗೆ ತೂತುಗಳುಳ್ಳ ಬುಟ್ಟಿ: ಇಷ್ಟೇ ಅದರ ಅಂಗಗಳು. ಅದು ಬಿಸಿಗಾಳಿಯ ಪುಟ್ಟ ಒಲೆ. ಈ ಕಲ್ಪನೆಯೂ ಹೊಸದಲ್ಲ. ೧೯೪೦ರ ದಶಕದಲ್ಲಿಯೇ ಅಮೆರಿಕದ ವಿಲಿಯಂ ಮ್ಯಾಕ್ಸನ್ ಎಂಬಾತ ವಿಮಾನಗಳಲ್ಲಿ ಊಟ ಬಿಸಿಮಾಡಲು ಬೀಸಣಿಗೆಯುಳ್ಳ ಒಲೆಯನ್ನು ರಚಿಸಿದ್ದನು.

ಮೂಲ ತತ್ತ್ವವಂತೂ ಇನ್ನೂ ಹಳೆಯದು. ೧೭೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಚಾರ್ಲ್ಸ್ ಬ್ಲ್ಯಾಗ್ಡನ್ ಎಂಬ ವೈದ್ಯನು ವಿಚಿತ್ರವಾದ ಪ್ರಯೋಗವೊಂದನ್ನು ವರ್ಣಿಸಿದನು. ಜಾರ್ಜ್ ಫೋರ್ಡೈಸ್ ಎಂಬ ಮತ್ತೊಬ್ಬ ವೈದ್ಯನು ಒಂದು ಕೋಣೆಯನ್ನು ೨೬೦ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು ೧೨೭ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದ್ದನು. ಬ್ಲ್ಯಾಗ್ಡನ್ ಅದರೊಳಗೆ ಎಂಟು ನಿಮಿಷ ಇದ್ದು ಕ್ಷೇಮವಾಗಿ ಹೊರಬಂದನು. ಅದೇ ಕೋಣೆಯಲ್ಲಿಟ್ಟ ಕೋಳಿಮೊಟ್ಟೆಗಳು ಇಪ್ಪತ್ತು ನಿಮಿಷಗಳಲ್ಲಿ ಗಟ್ಟಿಯಾದುವು. ಒಂದು ಮಾಂಸದ ತುಂಡು ನಲವತ್ತೇಳು ನಿಮಿಷಗಳಲ್ಲಿ ಬೆಂದು ಬಹುಮಟ್ಟಿಗೆ ಒಣಗಿಯೇಹೋಯಿತು. ಇನ್ನೊಂದು ಮೂವತ್ತಮೂರು ನಿಮಿಷಗಳಲ್ಲಿ ಹದ ಮೀರಿತು. ಸಂಜೆ ಕೋಣೆಯ ಕಾವು ಇನ್ನಷ್ಟು ಏರಿದಾಗ ಮೂರನೆಯ ತುಂಡಿನ ಮೇಲೆ ತಿದಿಯಿಂದ ಗಾಳಿ ಊದಿದರು. ಅದರ ಬಹುಭಾಗ ಹದಿಮೂರೇ ನಿಮಿಷಗಳಲ್ಲಿ ಸಿದ್ಧವಾಯಿತು. ಏರ್ ಫ್ರೈಯರಿನ ಚರಿತ್ರೆಯನ್ನು ಬರೆಯುವವರು ಈ ತಿದಿಯಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ಈ ಪ್ರಯೋಗದಲ್ಲಿ ಎರಡು ಪಾಠಗಳು ಹೆಣೆದುಕೊಂಡಿವೆ. ಒಂದು ಗಾಳಿಯದು, ಇನ್ನೊಂದು ನೀರಿನದು.

ಗಾಳಿ ಬಲು ಬಡವ. ೨೦೦ ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು ಮುಕ್ಕಾಲು ಗ್ರಾಮ್. ಒಂದು ಲೀಟರ್ ಕಾದ ಎಣ್ಣೆಯದು ಸುಮಾರು ಎಂಟುನೂರು ಗ್ರಾಮ್. ಕೊಡುವ ಕೈಯಲ್ಲಿಯೇ ಉಷ್ಣವಿಲ್ಲದ ಮೇಲೆ ಕೊಡುವುದಾದರೂ ಏನನ್ನು? ಜೊತೆಗೆ ಪ್ರತಿಯೊಂದು ವಸ್ತುವಿನ ಮೈಗೂ ನಿಶ್ಚಲವಾದ ಗಾಳಿಯ ತೆಳುಪದರವೊಂದು ಅಂಟಿಕೊಂಡಿರುತ್ತದೆ. ಉಷ್ಣವು ಇದನ್ನು ದಾಟಿಯೇ ಒಳಗೆ ಬರಬೇಕು, ತೇವವು ಇದನ್ನು ದಾಟಿಯೇ ಹೊರಗೆ ಹೋಗಬೇಕು. ಬೀಸಣಿಗೆಯಾಗಲಿ ತಿದಿಯಾಗಲಿ ಮಾಡುವುದು ಈ ಪದರವನ್ನು ಸವೆಸುವ ಕೆಲಸವನ್ನು. ನ್ಯೂಟನ್ನನ ಶೀತಲೀಕರಣ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ೧೭೦೧ರಲ್ಲಿ ನ್ಯೂಟನ್ ತನ್ನ ಕಾದ ಕಬ್ಬಿಣವನ್ನು ನಿಂತ ಗಾಳಿಯಲ್ಲಿಡದೆ, ಒಂದೇ ಸಮನಾಗಿ ಬೀಸುತ್ತಿದ್ದ ಗಾಳಿಯಲ್ಲಿಟ್ಟಿದ್ದನೆಂಬುದನ್ನು ಎಷ್ಟು ಪಠ್ಯಪುಸ್ತಕಗಳು ಹೇಳುತ್ತವೆ? ಗಾಳಿಯನ್ನು ಬಿಟ್ಟು ಸೂತ್ರವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಇನ್ನು ನೀರು. ಬ್ಲ್ಯಾಗ್ಡನ್ನನನ್ನು ಕಾಪಾಡಿದ್ದು ಬಹುಮಟ್ಟಿಗೆ ಅವನ ಬೆವರು. ಬೆಳ್ಳುಳ್ಳಿಯನ್ನು ಕಾಪಾಡುವುದೂ ಅದರ ರಸವೇ. ಹಸಿ ಬೆಳ್ಳುಳ್ಳಿಯಲ್ಲಿ ಐದರಲ್ಲಿ ಮೂರು ಪಾಲು ನೀರುಂಟು. ಐವತ್ತು ಗ್ರಾಮಿನ ಗಡ್ಡೆಯಾದರೆ ಮೂವತ್ತು ಗ್ರಾಮ್ ನೀರು ಎನ್ನೋಣ. ಅಷ್ಟು ನೀರನ್ನು ೨೫ ಡಿಗ್ರಿಯಿಂದ ನೂರಕ್ಕೆ ಏರಿಸಲು ೨೨೫೦ ಕ್ಯಾಲೊರಿ ಸಾಕು; ಆದರೆ ಅದನ್ನೆಲ್ಲ ಆವಿಯಾಗಿಸಲು ಗ್ರಾಮಿಗೆ ೫೪೦ರಂತೆ ೧೬,೨೦೦ ಕ್ಯಾಲೊರಿ ಬೇಕು. ಹೊರಗಿನ ಗಾಳಿ ಇನ್ನೂರಲ್ಲಿರಲಿ, ಮುನ್ನೂರಲ್ಲಿರಲಿ, ಒಳಗೆ ಬಂದ ಉಷ್ಣವನ್ನೆಲ್ಲ ಈ ಗುಪ್ತೋಷ್ಣದ ಸಾಲವು ನುಂಗಿಹಾಕುತ್ತದೆ. ನೀರು ಇರುವವರೆಗೆ ಎಸಳು ಕುದಿಬಿಂದುವಿನ ಆಸುಪಾಸಿನಲ್ಲಿಯೇ ನಿಲ್ಲಬೇಕು. ರಸದಲ್ಲಿ ಸಕ್ಕರೆ ಮೊದಲಾದುವು ಕರಗಿರುವುದರಿಂದ ಸ್ವಲ್ಪ ಆಚೀಚೆಯಾದೀತು, ಅಷ್ಟೇ. ಬೆಂಗಳೂರಿನವರಿಗೆ ಈ ಮಿತಿ ಇನ್ನೂ ಕೆಳಗಿದೆ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದ ಆ ಊರಿನಲ್ಲಿ ನೀರು ೯೭ ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ.

ಇಲ್ಲೊಂದು ವಿನೋದವಿದೆ. ಮೂಲೆಯಲ್ಲಿ ಕುಳಿತ ಹಳೆಯ ಪ್ರೆಷರ್ ಕುಕ್ಕರಿನ ಮೇಲೆ ಡಿಗ್ರಿಯ ಅಂಕಿಯೇ ಇಲ್ಲ. ಆದರೂ ಅದರೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು ಸುಮಾರು ೧೨೦ ಡಿಗ್ರಿಯವರೆಗೆ ಏರುತ್ತದೆ. ಹೀಗಾಗಿ ಇನ್ನೂರೆಂದು ಹೇಳಿಕೊಳ್ಳುವ ಯಂತ್ರದಲ್ಲಿ ಬೆಂದ ಬೆಳ್ಳುಳ್ಳಿಗಿಂತ, ಏನನ್ನೂ ಹೇಳಿಕೊಳ್ಳದ ಕುಕ್ಕರಿನಲ್ಲಿ ಬೆಂದ ಬೆಳ್ಳುಳ್ಳಿಯ ಒಡಲೇ ಹೆಚ್ಚು ಬಿಸಿ!

ಒಗ್ಗರಣೆಗೆ ಹಾಕಿದ ಬೆಳ್ಳುಳ್ಳಿ ಕ್ಷಣದಲ್ಲಿ ಕೆಂಪಾಗುವುದೇಕೆಂಬುದನ್ನೂ ಇದರಿಂದ ತಿಳಿಯಬಹುದು. ಎಣ್ಣೆ ಸಿರಿವಂತ, ಜಜ್ಜಿದ ಚೂರು ಬಲು ಸಣ್ಣದು. ನಾವು ಕೇಳುವ ‘ಚುಯ್’ ಎಂಬ ಸದ್ದು ನೀರು ಆವಿಯಾಗಿ ಓಡುವ ಸದ್ದು. ಅದು ನಿಂತಿತೆಂದರೆ ಕಾವಲಿನವನು ಹೋದನೆಂದೇ ಅರ್ಥ. ಮರುಕ್ಷಣವೇ ಚೂರಿನ ಉಷ್ಣತೆ ಎಣ್ಣೆಯ ಉಷ್ಣತೆಯ ಕಡೆಗೆ ಜಿಗಿಯುತ್ತದೆ, ಕೆಂಪು ಕಪ್ಪಾಗುತ್ತದೆ, ಕಹಿಯಾಗುತ್ತದೆ. ಸದ್ದನ್ನು ಕೇಳಿಯೇ ಒಲೆಯಿಂದ ಬಾಣಲೆ ಇಳಿಸುವ ಗೃಹಿಣಿಯು ಯಾವ ಉಷ್ಣಮಾಪಕಕ್ಕೂ ಕಡಮೆಯಿಲ್ಲದ ಸೂಚಕವನ್ನು ಬಳಸುತ್ತಿದ್ದಾಳೆ.

ಹಾಗಾದರೆ ಬೆಳ್ಳುಳ್ಳಿ ಸುಡಲು ಏರ್ ಫ್ರೈಯರ್ ತಕ್ಕುದೇ? ತಕ್ಕುದೇ, ಆದರೆ ಜಾಹೀರಾತು ಹೇಳುವ ಕಾರಣಕ್ಕಾಗಿ ಅಲ್ಲ. ಸುತ್ತಿದ ಹಾಳೆಯನ್ನು ಗಮನಿಸಿರಿ. ಯಂತ್ರದ ವಿಶೇಷವೆಲ್ಲ ಬೀಸಣಿಗೆಯಲ್ಲಿದೆ. ಹಾಳೆ ಸುತ್ತಿದೊಡನೆ ಆ ಗಾಳಿ ಬೆಳ್ಳುಳ್ಳಿಯ ಮೈಗೆ ತಾಗುವುದೇ ಇಲ್ಲ. ಎಸಳುಗಳು ತಮ್ಮದೇ ಆವಿಯಲ್ಲಿ ಬೇಯುತ್ತವೆ. ಸುತ್ತದೆ ಬಿಡಿ ಎಸಳುಗಳನ್ನು ಸುರಿದರೆ ಒಡಲು ಮೆತ್ತಗಾಗುವ ಮುನ್ನವೇ ಮೈ ಒಣಗಿ ತೊಗಲಾಗುವುದು. ಬೀಸಣಿಗೆಯ ಗುಣ ಕಾಣುವುದು ತೆಳುವಾದ, ಗರಿಗರಿಯಾಗಬೇಕಾದ ಪದಾರ್ಥಗಳಲ್ಲಿ. ದಪ್ಪಗೆ, ರಸವತ್ತಾಗಿ ಉಳಿಯಬೇಕಾದ ಬೆಳ್ಳುಳ್ಳಿಗೆ ಅದು ಹಾಳೆಯ ಮರೆಯಲ್ಲಿಯೇ ಇದ್ದರೆ ಲೇಸು. ಇಲ್ಲಿ ನಮಗೆ ದೊರೆಯುವ ಲಾಭ ಪೆಟ್ಟಿಗೆ ಚಿಕ್ಕದೆಂಬುದು. ದೊಡ್ಡ ಒಲೆಪೆಟ್ಟಿಗೆಯ ಗೋಡೆಗಳನ್ನೆಲ್ಲ ಕಾಯಿಸುವ ವಿದ್ಯುತ್ತು ಉಳಿಯುವುದು, ಹೊತ್ತೂ ಉಳಿಯುವುದು. ಅದು ಸಣ್ಣ ಲಾಭವೇನಲ್ಲ. ಆದರೆ ‘ಗಾಳಿಯಲ್ಲಿ ಕರಿದದ್ದು’ ಎಂಬ ಪವಾಡ ಅಲ್ಲಿ ನಡೆದಿಲ್ಲ. (ಹಾಳೆಯನ್ನು ಬಿಗಿಯಾಗಿ ಮಡಿಸಬೇಕು. ಸಡಿಲವಾದ ಹಾಳೆಯಾಗಲಿ, ಒಣ ಸಿಪ್ಪೆಯಾಗಲಿ ಗಾಳಿಗೆ ಹಾರಿ ಕೆಂಪಗೆ ಕಾದ ಸುರುಳಿಗೆ ತಗುಲಿದರೆ ಸುಟ್ಟುಹೋಗುವುದು.)

ನಮ್ಮ ಹಳ್ಳಿಗಳಲ್ಲಿ ಬೆಳ್ಳುಳ್ಳಿಯನ್ನು ಸಿಪ್ಪೆಸಹಿತ ಬಿಸಿಬೂದಿಯಲ್ಲಿ ಹುದುಗಿಸಿ ಸುಡುವ ವಾಡಿಕೆಯುಂಟು. ಬಾಣಂತಿಯರಿಗೆ ಹೀಗೆ ಸುಟ್ಟು ಕೊಡುವುದನ್ನು ಅನೇಕರು ನೋಡಿರಬಹುದು. ಅಲ್ಲಿ ಸಿಪ್ಪೆಯೇ ಹಾಳೆ, ಬೂದಿಯೇ ಕಾವನ್ನು ಹದವಾಗಿ ಬಿಡುವ ಗುಂಡಿ. ಭೌತವಿಜ್ಞಾನದ ದೃಷ್ಟಿಯಿಂದ ಎರಡೂ ಒಂದೇ ಕೆಲಸ.

ನೂರು ಡಿಗ್ರಿಯೊಳಗೇ ಬೆಳ್ಳುಳ್ಳಿಯ ಸ್ವಭಾವ ಇಷ್ಟು ಬದಲಾಗುವುದು ಹೇಗೆ? ಹಸಿ ಎಸಳಿನಲ್ಲಿ ಆಲಿಯಿನ್ ಎಂಬ ವಾಸನೆಯಿಲ್ಲದ ವಸ್ತುವೂ ಆಲಿಯಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಜಜ್ಜಿದಾಗ ಗೋಡೆ ಒಡೆದು ಅವು ಕೂಡಿ, ಘಾಟಿನ ಮೂಲವಾದ ಆಲಿಸಿನ್ ಹುಟ್ಟುತ್ತದೆ. ಆಲಿಸಿನ್ನನ್ನು ೧೯೪೪ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಎಂಬವರು ಬೇರ್ಪಡಿಸಿದರು. ಇಡಿಯ ಗಡ್ಡೆಯನ್ನು ಕಾಯಿಸಿದರೆ ಕೂಡುವ ಮೊದಲೇ ಕಿಣ್ವ ಕೆಟ್ಟುಹೋಗುವುದು. ಘಾಟು ಹುಟ್ಟುವುದೇ ಇಲ್ಲ. ಬೆಳ್ಳುಳ್ಳಿ ಕೂಡಿಟ್ಟುಕೊಂಡಿರುವ ಫ್ರಕ್ಟಾನ್ ಎಂಬ ಉದ್ದನೆಯ ಸರಪಳಿಗಳು ಕಾವಿಗೆ ಅಲ್ಪಸ್ವಲ್ಪ ತುಂಡಾಗಿ ಹಣ್ಣುಸಕ್ಕರೆ ಬಿಡುಗಡೆಯಾಗುವುದು. ಕಂದುಬಣ್ಣ, ಸುಟ್ಟ ಪರಿಮಳಗಳ ವಿಷಯ ಬೇರೆ. ೧೯೧೨ರಲ್ಲಿ ಫ್ರಾನ್ಸಿನ ಮೇಯಾರ್ ವಿವರಿಸಿದ ಕ್ರಿಯೆ ಅದು. ಚುರುಕಾಗಿ ನಡೆಯಲು ಅದಕ್ಕೆ ಸುಮಾರು ೧೪೦ ಡಿಗ್ರಿ ಬೇಕು. ಆದುದರಿಂದಲೇ ಕಂದುಬಣ್ಣವು ನೀರಾರಿದ ಕೊಯ್ದ ತುದಿಯಲ್ಲಿ, ಅಂಚುಗಳಲ್ಲಿ ಎದ್ದು ಕಾಣುವುದು. ಬಣ್ಣವೇ ಇಲ್ಲಿ ಉಷ್ಣತೆಯ ನಕ್ಷೆ.

ಈಗ ಅಪಾಯದ ಮಾತು. ಸುಟ್ಟ ಎಸಳುಗಳನ್ನು ಸೀಸೆಗೆ ತುಂಬಿ, ಮುಳುಗುವಷ್ಟು ಎಣ್ಣೆ ಸುರಿದು ಅಡಿಗೆಮನೆಯ ಕಟ್ಟೆಯ ಮೇಲಿಡುವ ಅಭ್ಯಾಸ ಕೆಲವರಲ್ಲಿದೆ. ‘ಇನ್ನೂರು ಡಿಗ್ರಿಯಲ್ಲಿ ಸುಟ್ಟದ್ದು, ಕ್ರಿಮಿ ಉಳಿದೀತೇ?’ ಎಂಬುದು ಅವರ ಧೈರ್ಯ. ಮಣ್ಣಿನಲ್ಲಿ ಬೆಳೆಯುವ ಬೆಳ್ಳುಳ್ಳಿಯ ಮೈಗೆ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಅಂಟಿರಬಹುದು. ಗಟ್ಟಿ ಕವಚದ ಈ ಬೀಜಕಗಳು ಕುದಿಯುವ ನೀರಿನ ಉಷ್ಣತೆಯನ್ನು ಗಂಟೆಗಟ್ಟಲೆ ತಡೆದುಕೊಳ್ಳಬಲ್ಲುವು. ಅವನ್ನು ನಾಶಮಾಡಲು ಡಬ್ಬಿ ತುಂಬುವ ಕಾರ್ಖಾನೆಗಳಲ್ಲಿ ಒತ್ತಡದಡಿ ೧೨೧ ಡಿಗ್ರಿಗೆ ಕಾಯಿಸುತ್ತಾರೆ. ನಮ್ಮ ಎಸಳು ನೂರನ್ನೇ ದಾಟಿಲ್ಲ. ಮೇಲೆ ಸುರಿದ ಎಣ್ಣೆ ಗಾಳಿಯನ್ನು ತಡೆಯುವುದು. ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ತಾಣವೇ ಆ ಬ್ಯಾಕ್ಟೀರಿಯಕ್ಕೆ ಹಿತ. ಅಲ್ಲಿ ಅದು ಬೆಳೆದು ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷವನ್ನು ಉಂಟುಮಾಡುತ್ತದೆ. ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಅದು ತಿಳಿಯಬೇಕೆಂದಿಲ್ಲ.

ಇದು ಊಹೆಯ ಭಯವಲ್ಲ. ೧೯೮೫ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಒಂದೇ ಹೋಟೆಲಿನಲ್ಲಿ ಉಂಡ ೩೬ ಮಂದಿ ಈ ವಿಷಕ್ಕೆ ಗುರಿಯಾದರು. ಕಾರಣ, ತಣ್ಣಗಿಡದ ಸೀಸೆಯಲ್ಲಿದ್ದ, ಸೋಯಾ ಎಣ್ಣೆಯಲ್ಲಿನ ಕೊಚ್ಚಿದ ಬೆಳ್ಳುಳ್ಳಿ. ೧೯೮೯ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕಿಂಗ್‌ಸ್ಟನ್ನಿನಲ್ಲಿ ಅಂಥದೇ ಪದಾರ್ಥದಿಂದ ಮೂವರು ಅಸ್ವಸ್ಥರಾದರು. ಮಾರಾಟದ ಇಂಥ ಸೀಸೆಗಳಿಗೆ ಹುಳಿ ಸೇರಿಸಲೇಬೇಕೆಂದು ಅಮೆರಿಕದ ಸರ್ಕಾರ ಬಳಿಕ ಕಟ್ಟುಮಾಡಿತು. ಆ ಬೆಳ್ಳುಳ್ಳಿ ಸುಟ್ಟದ್ದಲ್ಲ, ಹಸಿಯದು ಎಂದು ಯಾರಾದರೂ ವಾದಿಸಿಯಾರು. ಆದರೆ ನೂರು ಡಿಗ್ರಿಗೆ ಅಂಜದ ಬೀಜಕಕ್ಕೆ ಈ ಭೇದ ದೊಡ್ಡದಲ್ಲ. ನಮ್ಮ ನಿಂಬೆಹುಳಿ, ಉಪ್ಪು ಧಾರಾಳವಾಗಿ ಬಿದ್ದ ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ಇದರೊಡನೆ ಸೇರಿಸಿ ಗಾಬರಿಪಡಬೇಕಾಗಿಲ್ಲ; ಅಷ್ಟು ಹುಳಿಯಲ್ಲಿ ಈ ಬ್ಯಾಕ್ಟೀರಿಯ ಬೆಳೆಯಲಾರದು.

ಸುಟ್ಟ ಬೆಳ್ಳುಳ್ಳಿಯನ್ನು ಅಂದಂದೇ ತಿನ್ನುವುದು ಉತ್ತಮ. ಉಳಿದುದನ್ನು, ಎಣ್ಣೆ ಹಾಕಿರಲಿ ಬಿಟ್ಟಿರಲಿ, ಕೂಡಲೇ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸಬೇಕು. ಒಂದು ಗಡ್ಡೆಗೆ ಅರ್ಧ ಗಂಟೆ ಸಾಕಾಗಿರುವಾಗ ತಿಂಗಳಿಗಾಗುವಷ್ಟನ್ನು ಒಮ್ಮೆಗೇ ಸುಟ್ಟಿಡುವ ಅವಸರವಾದರೂ ಏನು?