ಕೆರೆ ಕಡೆ ಹೋಗಬೇಡಿ ಅಂದರೆ ಸಾಕೆ?

ಬೇಸಿಗೆ ರಜೆ ಬಂದಾಗ, ಮಳೆ ಹೊಡೆದು ಕೆರೆಗಳು ಕೋಡಿ ಬಿದ್ದಾಗ, ನಮ್ಮ ಕಡೆಯ ಪತ್ರಿಕೆಗಳಲ್ಲಿ ಒಂದೇ ಸುದ್ದಿ ಊರಿನ ಹೆಸರು ಬದಲಾಯಿಸಿಕೊಂಡು ಬರುತ್ತದೆ. 'ಈಜಲು ಹೋದ ಬಾಲಕರು ನೀರುಪಾಲು.' ಒಬ್ಬ ಕಾಲು ಜಾರಿದ. ಇನ್ನೊಬ್ಬ ಅವನನ್ನ ಎಳೆಯೋಕೆ ಹೋದ. ಮೂರನೆಯವನು ಇಬ್ಬರನ್ನೂ ಉಳಿಸೋಕೆ ಇಳಿದ. ಮೂವರಿಗೂ ಈಜು ಬರುತ್ತಿರಲಿಲ್ಲ. ಅಧಿಕಾರಿಗಳು ಬರುತ್ತಾರೆ, ಶಾಸಕರು ಸಾಂತ್ವನ ಹೇಳಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಾರನೇ ದಿನ ಹಾಸ್ಟೆಲುಗಳಲ್ಲಿ ಅಪ್ಪಣೆ: ಯಾರೂ ಕೆರೆ ಕಡೆ ಹೋಗಕೂಡದು.

ಅಷ್ಟೇ. ಈಜು ಕಲಿಸುತ್ತೇವೆ ಅನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ಈ ಅಪ್ಪಣೆ ನಮಗೇನು ಹೊಸದೆ? ನಮ್ಮ ತಾತಂದಿರಿಗೂ ಊರಿನವರು ಇದನ್ನೇ ಹೇಳಿದ್ದರು. ಆಗ ಮೈಲಿಗೆಯ ಹೆಸರಿನಲ್ಲಿ, ಈಗ ಕ್ಷೇಮದ ಹೆಸರಿನಲ್ಲಿ. ಆಗಲೂ ನಾವು ದಡದಲ್ಲೇ, ಈಗಲೂ ದಡದಲ್ಲೇ.

ಈಜು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಜಮೀನಿದ್ದವನಿಗೆ ಕಪಿಲೆ ಬಾವಿ ಇತ್ತು. ಅಪ್ಪ ಮಗನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಹಗ್ಗ ಹಿಡಿದು ಬಾವಿಗೆ ಬಿಡುತ್ತಿದ್ದ. ಎಂಟು ದಿನಕ್ಕೆ ಹುಡುಗ ಮೀನಾಗುತ್ತಿದ್ದ. ಭೂಮಿ ಇಲ್ಲದವನಿಗೆ ಬಾವಿ ಎಲ್ಲಿಂದ ಬರಬೇಕು? ಆ ಬಾವಿಯ ಹೂಳೆತ್ತಿದವರು ನಾವು. ಕಪಿಲೆಯ ತೊಗಲು ಹದ ಮಾಡಿ ಹೊಲಿದು ಕೊಟ್ಟವರು ನಾವು. ನಾವು ಹೊಲಿದ ತೊಗಲು ದಿನಕ್ಕೆ ನೂರು ಸಲ ಅದೇ ನೀರಿನಲ್ಲಿ ಮುಳುಗಿ ಏಳುತ್ತಿತ್ತು. ಅದಕ್ಕೆ ಮೈಲಿಗೆ ಇಲ್ಲ! ಹೊಲಿದವನ ಮಗ ಮುಳುಗಿ ಎದ್ದರೆ ಮಾತ್ರ ಬಾವಿ ಕೆಡುತ್ತಿತ್ತು. ಹಿಂಗಾಗಿ ಅಪ್ಪನಿಂದ ಮಗನಿಗೆ ಈಜು ಬರಲಿಲ್ಲ, ನೀರಿನ ಭಯ ಬಂತು. ಇವತ್ತಿಗೂ ನಮ್ಮ ಕಾಲೊನಿಗಳಲ್ಲಿ ತಾಯಂದಿರು 'ಚೆರುವು ಕಾಡಿಕಿ ಪೋಬಾಕ ರಾ' ಅಂತ ಕೂಗುವುದು ಸುಮ್ಮನೆ ಅಲ್ಲ.

ಇದೆಲ್ಲ ಹಳೇ ಕಥೆ ಅನ್ನುವವರಿಗೆ ಒಂದು ಮಾತು. 2018ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯ ವಾಕಡಿ ಗ್ರಾಮದಲ್ಲಿ ಮಾತಂಗ ಸಮುದಾಯದ ಹುಡುಗರು ಸೆಕೆ ತಾಳಲಾರದೆ ಬಾವಿಯಲ್ಲಿ ಈಜಿದರು. ಅವರನ್ನು ಬೆತ್ತಲೆ ಮಾಡಿ ಹೊಡೆದು, ಅದನ್ನು ವಿಡಿಯೋ ಮಾಡಿ ಹಂಚಿದರು.

ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಬಾವಿಗಳು ಬತ್ತಿದವು, ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದವು. ಹಾಗಾದರೆ ನಮ್ಮ ಮಕ್ಕಳು ಯಾವ ನೀರಿನಲ್ಲಿ ಸಾಯುತ್ತಾರೆ? ಮನುಷ್ಯರೇ ಮಾಡಿದ ಗುಂಡಿಗಳಲ್ಲಿ. ಗೌರಿಬಿದನೂರಿನ ಉತ್ತರ ಪಿನಾಕಿನಿಯಲ್ಲಿ ಮರಳು ಬಗೆದ ಹಳ್ಳಗಳಿವೆ. ಕೆರೆ ಅಂಗಳದಲ್ಲಿ ಮಣ್ಣು ಹೊತ್ತ ಗುಂಡಿಗಳಿವೆ, ನೀರು ನಿಂತಾಗ ಮೊಳಕಾಲುದ್ದ ಅಂದುಕೊಂಡ ಜಾಗದಲ್ಲಿ ಆಳ್ಮಟ್ಟ. ಕಲ್ಲು ಕ್ವಾರಿಗಳಿವೆ. ಇವೆಲ್ಲಕ್ಕಿಂತ ಮೋಸದ್ದು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಚಿಂತಾಮಣಿ, ಶಿಡ್ಲಘಟ್ಟದ ತೋಟಗಳಲ್ಲಿ ಇವು ಹೆಚ್ಚಿದವು. ರೈತನಿಗೆ ಅನುಕೂಲ, ನಾವು ಬೇಡ ಅನ್ನುವುದಿಲ್ಲ. ಆದರೆ ಒಳಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಈಜು ಬರುವವನೂ ಮೇಲೆ ಹತ್ತಲಾರ. ಬೇಲಿ ಇರಬೇಕು, ಅನೇಕ ಕಡೆ ಇಲ್ಲ. ಒಂದು ಹಗ್ಗ ಕಟ್ಟಿ ಒಳಕ್ಕೆ ಇಳಿಬಿಡೋಕೆ ಎಷ್ಟು ಖರ್ಚು ಸ್ವಾಮಿ? ಆ ತೋಟಗಳಲ್ಲಿ ಕೂಲಿ ಮಾಡುವವರು ಯಾರು, ಅವರ ಜೊತೆ ಹೋಗುವ ಮಕ್ಕಳು ಯಾರವು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

2024ರ ಡಿಸೆಂಬರಿನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆ ಹೋಗಿ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಹೋದರು. ಬಯಲುಸೀಮೆಯ ಮಕ್ಕಳು, ಕಡಲು ಕಂಡ ಸಂಭ್ರಮ. ಶಿಕ್ಷಕರ ಮೇಲೆ ಕ್ರಮ ಆಯಿತು, ಆಗಲಿ. ಆದರೆ ವಸತಿ ಶಾಲೆಗಳ ಮಕ್ಕಳಿಗೆ ನೀರಿನಲ್ಲಿ ತೇಲುವುದನ್ನಾದರೂ ಕಲಿಸಬೇಕಲ್ಲ ಎಂಬ ಪ್ರಶ್ನೆ ಅಲ್ಲೇ ಉಳಿಯಿತು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆಮೇಲೆ ಸವರ್ಣರು 108 ಗಡಿಗೆ ಪಂಚಗವ್ಯ ಸುರಿದು ಕೆರೆ 'ಶುದ್ಧಿ' ಮಾಡಿದರು. ಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ. ಸಂವಿಧಾನದ 15ನೇ ವಿಧಿ ತೆಗೆದು ನೋಡಿ, ಬಾವಿ ಮತ್ತು ಕೆರೆಯ ಜೊತೆ ಸ್ನಾನಘಟ್ಟ ಎಂದೂ ಬರೆದಿದೆ. ಕುಡಿಯುವ ಹಕ್ಕು ಮಾತ್ರ ಅಲ್ಲ, ಮೈಯಿಳಿಸುವ ಹಕ್ಕೂ ನಮ್ಮದೇ.

ಅಮೆರಿಕದ ಕಪ್ಪು ಬಂಧುಗಳ ಕಥೆಯೂ ಇದೇ. 1919ರಲ್ಲಿ ಷಿಕಾಗೋದ ಸರೋವರದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಹುಡುಗ ಬಿಳಿಯರ ಕಡೆಗೆ ತೇಲಿಹೋದನೆಂದು ಕಲ್ಲೆಸೆದರು, ಅವನು ಮುಳುಗಿ ಸತ್ತ. ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಬೇಧ ಮಾಡಕೂಡದು ಎಂದು ಕೋರ್ಟು ಹೇಳಿದಾಗ, ಕಪ್ಪು ಮಕ್ಕಳ ಜೊತೆ ಈಜುವುದಕ್ಕಿಂತ ಕೊಳ ಇಲ್ಲದಿರುವುದೇ ಮೇಲು ಎಂದು ನಗರಸಭೆ ತನ್ನ ಈಜುಕೊಳಗಳನ್ನೇ ಮುಚ್ಚಿತು. 1971ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು ಕೂಡ. ಅದರ ಫಲ ನೋಡಿ. 2010ರಲ್ಲಿ ಲೂಸಿಯಾನದ ಷ್ರೀವ್‌ಪೋರ್ಟ್‌ನಲ್ಲಿ ಕಾಲು ಜಾರಿದ ಒಬ್ಬನನ್ನು ಉಳಿಸಲು ಹೋಗಿ ಆರು ಕಪ್ಪು ಮಕ್ಕಳು ಒಟ್ಟಿಗೆ ಮುಳುಗಿದರು, ದಡದಲ್ಲಿದ್ದ ಮನೆಯವರಿಗೂ ಈಜು ಬರುತ್ತಿರಲಿಲ್ಲ. 2017ರ ಅಲ್ಲಿನ ಸಮೀಕ್ಷೆಯ ಪ್ರಕಾರ ನೂರಕ್ಕೆ 64 ಕಪ್ಪು ಮಕ್ಕಳಿಗೆ ಈಜು ಬಾರದು, ಇಲ್ಲವೇ ಅಲ್ಪಸ್ವಲ್ಪ ಮಾತ್ರ ಬರುತ್ತದೆ. ಇಂಥ ಲೆಕ್ಕ ಮುಂದಿಟ್ಟುಕೊಂಡೇ ಅವರು ತಮ್ಮ ಮಕ್ಕಳಿಗೆ ಈಜು ಕಲಿಸುವ ಚಳವಳಿ ಕಟ್ಟಿದ್ದಾರೆ.

'ಹಾಸ್ಟೆಲಿನಲ್ಲಿ ಸಾರು ನೀರಾಗಿದೆ, ನಿಮಗೆ ಈಜುಕೊಳ ಬೇಕೆ?' ಅಂತ ನಮ್ಮವರೇ ನಗಬಹುದು. ಸಾರಿಗೂ ಜಗಳ ಆಡೋಣ, ಇದಕ್ಕೂ ಆಡೋಣ. ನಂದಿ ಬೆಟ್ಟದ ಸುತ್ತ ರೆಸಾರ್ಟುಗಳಲ್ಲಿ ನೀಲಿ ಕೊಳಗಳು ಹೊಳೆಯುತ್ತಿವೆ. ಬೆಂಗಳೂರಿನ ಕೊಳಗಳಿಂದ ಇಬ್ಬರು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದರು, ಸಂತೋಷ. ಅಲ್ಲಿಂದ ಅರವತ್ತು ಕಿಲೋಮೀಟರಿನಲ್ಲಿರುವ ನಮಗೆ ಪದಕ ಬೇಡ, ಮೊದಲು ಪ್ರಾಣ ಉಳಿಯಲಿ.

ಕೋಟಿ ರೂಪಾಯಿಯ ಕೊಳವೇ ಆಗಬೇಕೆಂದೂ ಇಲ್ಲ. ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳಕ್ಕೇ ಬಿದಿರಿನ ಅಟ್ಟಣೆ ಇಳಿಸಿ, ಆಳ ಕಟ್ಟುಮಾಡಿ, ತರಬೇತಿ ಪಡೆದ ಊರಿನ ಯುವಕ ಯುವತಿಯರಿಂದಲೇ ಮಕ್ಕಳಿಗೆ ಕಲಿಸುತ್ತಿದ್ದಾರೆ. ನಮ್ಮಲ್ಲಿ ಒಂದು ತೊಡಕಿದೆ. ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ಯೋಜನೆಗಳಲ್ಲಿ ನಮ್ಮ ಅನೇಕ ಕೆರೆಗಳಿಗೆ ಬಂದದ್ದು ಎರಡೇ ಹಂತ ಶುದ್ಧಿಯಾದ ಬೆಂಗಳೂರಿನ ಕೊಳಚೆ ನೀರು. ಮೂರನೇ ಹಂತದ ಶುದ್ಧಿಗಾಗಿ ಜಿಲ್ಲೆಯ ಹೋರಾಟಗಾರರು ವರ್ಷಗಳಿಂದ ಕೂಗುತ್ತಿದ್ದಾರೆ. ಆ ನೀರಿಗೆ ಮಕ್ಕಳನ್ನು ಇಳಿಸಿ ಅಂತ ನಾವು ಹೇಳುವುದಿಲ್ಲ. ಮಳೆನೀರಿನ ಕೆರೆ ಆರಿಸಲಿ, ಇಲ್ಲವೇ ತಾಲೂಕಿಗೊಂದು ಸಣ್ಣ ಕೊಳ ಕಟ್ಟಲಿ. ದುಡ್ಡಿಲ್ಲ ಅನ್ನಬೇಡಿ. 2013ರ ಉಪಯೋಜನೆ ಕಾಯ್ದೆ ಇದೆ. ನಮ್ಮ ಪಾಲಿನ ಹಣವನ್ನು ಕಂಡಕಂಡ ಕೆಲಸಕ್ಕೆ ಬಳಸಲು ದಾರಿ ಮಾಡಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದುಹಾಕಿದ್ದೂ ಆಗಿದೆ. ಆ ಹಣದಲ್ಲಿ ನಾಲ್ಕೂ ತಾಲೂಕಿನ ಹಾಸ್ಟೆಲು ಮಕ್ಕಳಿಗೆ ಕಲಿಸಿ. ಹೆಣ್ಣುಮಕ್ಕಳಿಗೆ ಕಲಿಸುವವರು ಹೆಂಗಸರೇ ಇರಲಿ, ಬಟ್ಟೆಯನ್ನೂ ಇಲಾಖೆಯೇ ಕೊಡಲಿ.

ಅಲ್ಲಿವರೆಗೆ ಗೆಳೆಯರೆ, ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ದಯಮಾಡಿ ಹಾರಬೇಡಿ. ಪಂಚೆ, ಹಗ್ಗ, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ದಡದಿಂದಲೇ ಎಸೆಯಿರಿ, ಕೂಗಿ ಜನ ಸೇರಿಸಿ.

ಇನ್ನೊಂದು ಕೆಲಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪ್ರತಿ ಹಾಸ್ಟೆಲಿನವರೂ ಒಂದು ಹಾಳೆಯಲ್ಲಿ ಬರೆಯಿರಿ: ಒಟ್ಟು ಎಷ್ಟು ಜನ, ಈಜು ಬರುವವರು ಎಷ್ಟು, ಎಲ್ಲಿ ಕಲಿತರು. ಹೆಣ್ಣುಮಕ್ಕಳ ಹಾಸ್ಟೆಲಿನ ಲೆಕ್ಕ ಬೇರೆ ಇರಲಿ. ಮುಂದಿನ ಸಭೆಗೆ ಬರುವಾಗ ಆ ಹಾಳೆ ತನ್ನಿ. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಗೆ ಅದನ್ನೇ ಲಗತ್ತಿಸೋಣ.